ಕಾಲರ್ ಮುಯ್ಯಿ

ಪತ್ರಿಕೆಯ ಕೆಲಸದಿಂದ ನಿವೃತ್ತನಾದ ಮೇಲೆ ಹರಿಹರದ ಹೊರಗಿನ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಕೆಲಸ ಮಾಡಿದೆ. ಅಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ನನಗೆ ಹೊಲಿಗೆ ಬರುವುದಿಲ್ಲ. ನನ್ನನ್ನು ಕರೆದದ್ದು ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಹುರುಪು ತುಂಬಲು. ಆ ಕೆಲಸ ಮಾಡುತ್ತ ಅವರಲ್ಲಿ ಒಬ್ಬರ ಕೆಲಸ ಕಳೆದೆ. ಮುಖ್ಯ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕೆಂದು ಮೂವತ್ತು ವರ್ಷಗಳ ಕಾಲ ಕಿರಿಯರಿಗೆ ಕಲಿಸಿದವನು ನಾನು. ಹಾಗಾಗಿ ಇಲ್ಲೂ ಅದನ್ನು ಮೊದಲೇ ಹೇಳಿದ್ದೇನೆ.

ಕಂಪನಿಗೆ ಆಗ ಕೆಟ್ಟ ಕಾಲ. ವರ್ಷವರ್ಷವೂ ಆರ್ಡರ್ ಕೊಡುತ್ತಿದ್ದ ದೊಡ್ಡ ಗಿರಾಕಿಯೊಬ್ಬರು ಕೈಬಿಟ್ಟಿದ್ದರು. ಮೂರು ಸಾಲು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಹೆಣ್ಣುಮಕ್ಕಳು ಬೆಳಿಗ್ಗೆ ಒಳಗೆ ಬರುವಾಗ ಅದರ ಪಕ್ಕದಲ್ಲೇ ಹಾದು ಬರಬೇಕಿತ್ತು. ಮುಂದಿನ ಸಾಲು ಯಾವುದು ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೆಲವರು ಹೇಳದೆ ಕೇಳದೆ ಬೇರೆ ಕಡೆ ಸೇರಿಕೊಂಡರು. ಉಳಿದವರು ತಡವಾಗಿ ಬರತೊಡಗಿದರು. ಊಟದ ಹಾಲ್‌ನಲ್ಲಿ ಮೊದಲು ಕಿವಿ ಕಿತ್ತುಹೋಗುವಷ್ಟು ಗಲಾಟೆ ಇರುತ್ತಿತ್ತಂತೆ. ನಾನು ಹೋದಾಗ ಡಬ್ಬಿ ಮುಚ್ಚಳದ ಸದ್ದು ಮಾತ್ರ ಕೇಳುತ್ತಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಕಂಪನಿಯ ಎಚ್‌ಆರ್ ಅಧಿಕಾರಿ. ನಲವತ್ತರ ಆಸುಪಾಸಿನವರು, ಒಳ್ಳೆಯ ಮನುಷ್ಯ. ಅವರ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ನನ್ನದು ಸರಸ್ವತಿ ನಗರದಲ್ಲಿ. ದಿನಾ ಅವರ ಕಾರಿನಲ್ಲೇ ಹೋಗಿ ಬರುತ್ತಿದ್ದೆ.

ಮೊದಲ ದಿನ ಕಾರಿನಲ್ಲಿ ಅವರು ಹೇಳಿದರು: "ಮಷೀನ್ ರಿಪೇರಿ ಮಾಡೋರು ಸಿಗ್ತಾರೆ ಸರ್. ಮೂಡ್ ರಿಪೇರಿ ಮಾಡೋರು ಎಲ್ಲೂ ಸಿಗವಲ್ರು. ಕೇಕ್ ಕಟ್ ಮಾಡಿಸಿದ್ವಿ, ರಂಗೋಲಿ ಕಾಂಪಿಟೇಶನ್ ಮಾಡಿಸಿದ್ವಿ. ಒಬ್ಬ ಸ್ಪೀಕರ್‌ನ ಕರೆಸಿದ್ವಿ. ಅವ್ರು ಎಲ್ಲಾರ ಕಣ್ಣು ಮುಚ್ಚಿಸಿ 'ನಾನು ಗೆಲ್ಲುತ್ತೇನೆ' ಅಂತ ಮೂರು ಸಲ ಅನ್ನಿಸಿದ್ರು."

"ಅಂದರಾ?"

"ಅಂದ್ರು. ಅಂದಾದ ಮ್ಯಾಲೆ ಲೋಕಿಕೆರೆಯಿಂದ ಬರೋ ಒಬ್ಬಾಕಿ ಎದ್ದು ನಿಂತ್ಲು. 'ನಾವು ಗೆದ್ದೇವಿ ಸರ, ಆರ್ಡರ್ ಯಾವಾಗ ಗೆಲ್ತಾವ ಹೇಳ್ರಿ' ಅಂದ್ಲು. ಹೋತು, ಎಲ್ಲಾ ನಗೆಪಾಟ್ಲು."

ನಾನು ಗೋಡೆ ಪತ್ರಿಕೆಯೊಂದನ್ನು ಮಾಡೋಣ ಎಂದೆ. ವಾರಕ್ಕೊಂದು ದೊಡ್ಡ ಹಾಳೆ, ದಪ್ಪ ಅಕ್ಷರ, ಊಟದ ಹಾಲ್‌ನಲ್ಲಿ ಕೈ ತೊಳೆಯುವ ನಲ್ಲಿಗಳ ಪಕ್ಕದ ಗೋಡೆಗೆ ಹಚ್ಚುವುದು. ಉಪದೇಶ ಇರಬಾರದು, ಕಂಪನಿಯ ಹೊಗಳಿಕೆ ಇರಬಾರದು. ಅಲ್ಲಿ ದುಡಿಯುವವರ ಬಗ್ಗೆ, ಕಣ್ಣಾರೆ ಕಂಡದ್ದು ಮಾತ್ರ. ಅಧಿಕಾರಿ ಒಪ್ಪಿದರು.

ಮೊದಲ ವಾರ ಕಂಪನಿ ಬಸ್ಸಿನ ಚಾಲಕನ ಬಗ್ಗೆ ಬರೆದೆ. ಯಾವ ಊರಿನಲ್ಲಿ ಯಾರು ತಡಮಾಡುತ್ತಾರೆ, ಯಾರ ಮನೆ ಮುಂದೆ ಎಷ್ಟು ಸಲ ಹಾರನ್ ಹೊಡೆಯಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಎರಡನೆಯ ವಾರ, ಗುಂಡಿ ಹಚ್ಚುವ ವಿಭಾಗದಲ್ಲಿ ಮಧ್ಯಾಹ್ನ ಹಂಚಿ ತಿನ್ನುವ ಒಗ್ಗರಣೆ ಮಂಡಕ್ಕಿಯ ಬಗ್ಗೆ. ಹೆಣ್ಣುಮಕ್ಕಳು ಕೈ ತೊಳೆಯುತ್ತ ಓದಿದರು, ಒದ್ದೆ ಕೈಯಲ್ಲೇ ಫೋಟೊ ತೆಗೆದುಕೊಂಡರು. ಮೂರನೆಯ ವಾರದ ಹೊತ್ತಿಗೆ ನಾನು ಯಂತ್ರಗಳ ನಡುವೆ ಓಡಾಡಿದರೆ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ. ಲೋಕಿಕೆರೆಯ ಹೆಣ್ಣುಮಗಳಂತೂ ನನ್ನನ್ನು ಕಂಡರೆ ಕೂಗುತ್ತಿದ್ದಳು: "ಬಂದ್ರು ನೋಡ್ರೇ ಪೇಪರ್‌ನೋರು, ತಲೆ ಬಾಚ್ಕಳ್ರಿ!"

ಆಕೆ ಆ ಸಾಲಿನಲ್ಲಿ ಎಲ್ಲರಿಗಿಂತ ಚುರುಕು. ವಯಸ್ಸು ಮೂವತ್ತೈದು ಇರಬಹುದು. ಅವಳ ಬಾಯಿಗೆ ಮೇಲ್ವಿಚಾರಕರೂ ಹೆದರುತ್ತಿದ್ದರು.

ಅವಳ ಸಾಲಿನಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬೆಳಗಿನ ಟೀ ಬಿಡುವಿನಲ್ಲಿ ಉಳಿದ ಸಾಲಿನ ಯಂತ್ರಗಳು ನಿಲ್ಲುತ್ತಿದ್ದವು, ಇವರ ಸಾಲಿನಲ್ಲಿ ಏಳು ಯಂತ್ರಗಳು ನಿಲ್ಲುತ್ತಿರಲಿಲ್ಲ. ಟೀ ಲೋಟ ಪಕ್ಕದಲ್ಲಿಟ್ಟುಕೊಂಡು ಏಳು ಜನ ಹೊಲಿಯುತ್ತಲೇ ಇರುತ್ತಿದ್ದರು. ನಾಲ್ಕು ದಿನ ಗಮನಿಸಿದೆ. ಐದನೆಯ ದಿನ ಲೋಕಿಕೆರೆಯಾಕೆಯನ್ನು ಕೇಳಿದೆ.

"ಟೀ ಕುಡಿದ್ರೆ ನಿದ್ದಿ ಬರ್ತೈತ್ರಿ ನಮಗ" ಎಂದಳು. ಪಕ್ಕದವರು ನಕ್ಕರು. ನಾನು ಅಲ್ಲೇ ನಿಂತಿದ್ದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಹೊಲಿಯುವುದನ್ನು ನಿಲ್ಲಿಸದೆ, ದನಿ ತಗ್ಗಿಸಿ ಹೇಳಿದಳು: "ಮುಯ್ಯಿ ಸರ ಇದು. ಅಕ್ಕನ ಕಾಲರ್."

ಮುಯ್ಯಿ ಎಂದರೆ ಏನೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಡೆ ಹೊಲದ ಕೆಲಸದಲ್ಲಿ ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು ಎಂದು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ದುಡಿಯುವುದುಂಟು. ಅದಕ್ಕೆ ಕೂಲಿ ಇಲ್ಲ. ಇವರು ಅದನ್ನು ಕಾರ್ಖಾನೆಯ ಒಳಗೆ ತಂದಿದ್ದರು.

ಅಕ್ಕ ಎಂದು ಎಲ್ಲರೂ ಕರೆಯುತ್ತಿದ್ದವರು ಕಿಟಕಿಯ ಪಕ್ಕದ ಯಂತ್ರದಲ್ಲಿ ಕೂರುವ, ಐವತ್ತು ದಾಟಿದ ಹೆಣ್ಣುಮಗಳು. ಹರಿಹರದವರೇ. ಗಂಡ ಇಲ್ಲ. ಕಾರ್ಖಾನೆ ಶುರುವಾದಾಗಿನಿಂದ ಕಾಲರ್ ಹೊಲಿಯುತ್ತಿದ್ದರು, ಸಾಲಿನ ಅರ್ಧ ಜನಕ್ಕೆ ಕಾಲರ್ ಹೊಲಿಯಲು ಕಲಿಸಿದವರೂ ಅವರೇ. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಮಂಜಾಗಿದ್ದವು. ಬಲಗಣ್ಣಿಗೆ ಆಸ್ಪತ್ರೆಯಲ್ಲಿ ಸೂಜಿ ಮದ್ದು ಹಾಕಿಸಿ ಆಗಿತ್ತು. ಎಡಗಣ್ಣಿಗೆ ಇನ್ನೂ ಆಗಬೇಕಿತ್ತು. ಸಕ್ಕರೆ ಇಳಿಯಲಿ, ಆಮೇಲೆ ಹಾಕೋಣ ಎಂದು ಡಾಕ್ಟರು ಮುಂದೂಡಿದ್ದರು. ಆ ಚಿಕಿತ್ಸೆ ಅವರಿಗೆ ಸಿಗುತ್ತಿದ್ದುದು ಕಾರ್ಖಾನೆಯವರಿಗಿರುವ ಇಎಸ್‌ಐ ಕಾರ್ಡಿನ ಮೇಲೆ. "ಕೆಲಸ ಇದ್ರೆ ಕಾರ್ಡು, ಕಾರ್ಡ್ ಇದ್ರೆ ಕಣ್ಣು" ಎಂದಳು ಲೋಕಿಕೆರೆಯಾಕೆ. ಎಡಗಣ್ಣಿನದು ಮುಗಿಯುವವರೆಗೆ ಅಕ್ಕನ ದಿನದ ಲೆಕ್ಕ ಕಡಿಮೆ ಬೀಳದಂತೆ ಏಳು ಜನ ದಿನಕ್ಕೆ ಆರಾರು ಕಾಲರ್ ಹೊಲಿದು, ಅಕ್ಕನ ಬಂಡಲಿಗೆ ಸೇರಿಸಿ, ಯಾರು ಹೊಲಿದದ್ದೆಂದು ತೋರಿಸುವ ಚೀಟಿಯನ್ನು ಅಕ್ಕನ ಹೆಸರಿನಲ್ಲೇ ಅದಕ್ಕೆ ಕಟ್ಟುತ್ತಿದ್ದರು. ಒಂದು ಸಾಲು ಮುಚ್ಚಿದ ಮೇಲೂ, ಮುಂದೆ ಯಾರ ಕೆಲಸ ಹೋಗುತ್ತದೋ ಎಂಬ ಭಯದಲ್ಲೂ, ಅದನ್ನು ನಿಲ್ಲಿಸಿರಲಿಲ್ಲ.

"ಇದನ್ನು ಬರೆಯಲಾ?" ಎಂದೆ.

ಆಕೆಯ ಕಾಲು ಯಂತ್ರದ ಪೆಡಲಿನ ಮೇಲೆ ನಿಂತಿತು. "ಬ್ಯಾಡ್ರಿ ಸರ."

"ಹೆಸರು ಹಾಕುವುದಿಲ್ಲ."

"ಹೆಸರು ಹಾಕ್ಲಿಲ್ಲಂದ್ರ…" ಎಂದು ಆಕೆ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಹೊಡೆಯಿತು, ಮೇಲ್ವಿಚಾರಕರು ಬಂದರು, ಆಕೆ ತಲೆ ತಗ್ಗಿಸಿದಳು. ಆ ಅರ್ಧ ವಾಕ್ಯವನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ. ಮರುದಿನ ಹೋಗಿ ಉಳಿದರ್ಧ ಕೇಳಬಹುದಿತ್ತು. ಕೇಳಿದರೆ ಇಲ್ಲ ಎನ್ನುತ್ತಾಳೆ ಎಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಆ ವಾರದ ಬರಹವನ್ನು ಮನೆಯಲ್ಲಿ ಎರಡು ಬೆಳಿಗ್ಗೆ ಕೂತು ಬರೆದೆ. ಮೊದಲ ಸಲ ಬರೆದಾಗ ಕಿಟಕಿ ಇರಲಿಲ್ಲ, ಕಾಲರ್ ಇರಲಿಲ್ಲ. ಒಬ್ಬ ಹಿರಿಯ ಹೆಣ್ಣುಮಗಳು, ಅವಳಿಗೆ ನೆರವಾಗುವ ಜೊತೆಗಾರರು ಎಂದಷ್ಟೇ ಇತ್ತು. ಓದಿ ನೋಡಿದೆ. ಯಾವ ಊರಿನ ಯಾವ ಕಾರ್ಖಾನೆಯ ಬಗ್ಗೆಯೂ ಹೀಗೆ ಬರೆಯಬಹುದು ಅನ್ನಿಸಿತು. ಕಿಟಕಿಯನ್ನು ಸೇರಿಸಿದೆ. ಕಾಲರನ್ನು ಸೇರಿಸಿದೆ. ಟೀ ಬಿಡುವು, ಆರಾರು ಕಾಲರ್, ಅರ್ಧ ಸಾಲಿಗೆ ಕಲಿಸಿದ ಕೈ, ಚೀಟಿ ಕಟ್ಟುವ ಬಗೆ ಎಲ್ಲವನ್ನೂ ಸೇರಿಸಿದೆ. ಈಗ ಬರಹಕ್ಕೆ ಜೀವ ಬಂತು. ಬಹಳ ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಸೇರಿಸುವಾಗ ಕೈ ಒಮ್ಮೆ ತಡೆಯಿತು ಎಂಬುದನ್ನೂ ದಾಖಲಿಸಬೇಕು. ಇದನ್ನು ಓದಿದವರಿಗೆ ಇಂಥವರೇ ಎಂದು ಗೊತ್ತಾಗುವುದಿಲ್ಲವೇ ಎಂಬ ಪ್ರಶ್ನೆ ಬಂದಿತ್ತು. ಹೆಸರು ಹಾಕಿಲ್ಲವಲ್ಲ ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ.

ಹಾಳೆ ಹಚ್ಚಿದ ದಿನ ಮಧ್ಯಾಹ್ನ ನಾನು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದೆ. ಹೆಣ್ಣುಮಕ್ಕಳು ನಲ್ಲಿಯ ಹತ್ತಿರ ಬಂದು ಓದಿದರು. ಯಾರೂ ಮಾತಾಡಲಿಲ್ಲ, ಯಾರೂ ಫೋಟೊ ತೆಗೆಯಲಿಲ್ಲ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ. ಆ ಮೌನವನ್ನು ಹಾಗೆ ಓದಿಕೊಂಡು ಖುಷಿಯಿಂದ ಊಟ ಮಾಡಿದೆ.

ಮರುದಿನ ಎಚ್‌ಆರ್ ಅಧಿಕಾರಿ ನನ್ನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಗೋಡೆಯ ಹಾಳೆಯ ಫೋಟೊ ಪ್ರತಿ ಇತ್ತು. ಕಾರ್ಖಾನೆಯ ಮ್ಯಾನೇಜರಿಗೆ ಕನ್ನಡ ಓದಲು ಬಾರದು. ಯಾರೋ ಅನುವಾದ ಮಾಡಿ ಹೇಳಿದ್ದರು.

"ಭಾಳ ಚೆಂದ ಐತಿ ಸರ್" ಎಂದರು. ಬಾಗಿಲು ಮುಚ್ಚಿದೆಯೇ ಎಂದು ನೋಡಿದರು. "ಒಂದು ಕೇಳ್ತೀನಿ. ಇದು ನಡೆದದ್ದಾ, ಇಲ್ಲ ಮೂಡ್ ಎಬ್ಬಿಸಾಕ ನೀವು ಕಟ್ಟಿದ್ದಾ?"

ನಾನು ಉತ್ತರಿಸುವ ಮೊದಲೇ ಮತ್ತೆ ಹೇಳಿದರು: "ಕಟ್ಟಿದ್ದಾದ್ರೂ ತೊಂದ್ರೆ ಇಲ್ಲ ಸರ್. ಕಥಿ ಬರ್ಯೋರು ಕಟ್ಟೇ ಕಟ್ತಾರ. ಹಂಗಂತ ನಾನು ಮ್ಯಾಲೆ ಹೇಳ್ತೀನಿ, ಅಲ್ಲಿಗೆ ಮುಗೀತೈತಿ."

ಅಕ್ಕನನ್ನು ಉಳಿಸಲು ಅವರು ನನಗೊಂದು ದಾರಿ ತೋರಿಸಿದ್ದರು. ಅದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಆಮೇಲೆ ಒಂದಿಬ್ಬರ ಹತ್ತಿರ ಹೇಳಿದ್ದೇನೆ, ಅದು ಸುಳ್ಳು. ಆ ಕ್ಷಣದಲ್ಲಿ ನನಗೆ ಅಕ್ಕನ ಕಣ್ಣು ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು, ನನ್ನ ಬರಹವನ್ನು ಕಟ್ಟುಕಥೆ ಎನ್ನುತ್ತಿದ್ದಾರೆ ಎಂಬುದು.

"ನಾನು ಕಟ್ಟಿ ಬರೆಯುವವನಲ್ಲ" ಎಂದೆ. "ಐದು ದಿನ ನಿಂತು ನೋಡಿ ಬರೆದಿದ್ದೇನೆ."

ಅವರು ಮೇಜಿನ ಮೇಲಿದ್ದ ಪ್ರತಿಯನ್ನು ಮಡಚಿಟ್ಟರು. "ಆತು ಸರ್" ಎಂದರು.

ಅದೇ ವಾರ ಅಕ್ಕನನ್ನು ಆಫೀಸಿಗೆ ಕರೆದರು. ಸಂಖ್ಯೆ ಕಡಿಮೆ ಮಾಡಲು ಮೇಲಿನವರು ಕಾರಣ ಹುಡುಕುತ್ತಿದ್ದ ಕಾಲವದು. ಕಾರಣ ನನ್ನ ಹಾಳೆಯಲ್ಲಿ ಸಿದ್ಧವಾಗಿ ಸಿಕ್ಕಿತ್ತು. ಬೇರೆಯವರ ಕೆಲಸವನ್ನು ತನ್ನ ಚೀಟಿಯಲ್ಲಿ ತೋರಿಸಿದ್ದು ನಿಜವೇ ಎಂದು ಕೇಳಿದರಂತೆ. ನಿಜ ಎಂದು ಅಕ್ಕ ಒಪ್ಪಿಕೊಂಡರಂತೆ. ಯಾರು ಹೊಲಿದುಕೊಟ್ಟರು ಎಂದು ಕೇಳಿದ್ದಕ್ಕೆ, "ನನಗ ಕಣ್ಣು ಕಾಣಾಂಗಿಲ್ರಿ, ಯಾರು ಇಡ್ತಿದ್ರೋ ಗೊತ್ತಿಲ್ಲ" ಎಂದರಂತೆ. ತಾನಾಗಿ ಕೆಲಸ ಬಿಡುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮೊದಲೇ ಕಳಿಸಿದರು. ಮರುದಿನದಿಂದ ಪ್ರತಿ ಬಂಡಲನ್ನೂ ಮೇಲ್ವಿಚಾರಕರು ಎದುರಿಗೆ ನಿಂತು ಎಣಿಸತೊಡಗಿದರು. ಟೀ ಬಿಡುವಿನಲ್ಲಿ ಯಾವ ಯಂತ್ರವೂ ಸದ್ದು ಮಾಡಬಾರದೆಂದು ಸೂಚನೆ ಹಾಕಿದರು.

ಸುದ್ದಿ ಕೇಳಿದ ಮಧ್ಯಾಹ್ನ ನಾನು ಮಾಡಿದ ಮೊದಲ ಕೆಲಸ, ಇಎಸ್‌ಐ ಬಗ್ಗೆ ತಿಳಿದ ಇಬ್ಬರಿಗೆ ಫೋನ್ ಮಾಡಿದ್ದು. ಕೆಲಸ ಹೋದ ದಿನವೇ ಕಾರ್ಡು ನಿಲ್ಲುವುದಿಲ್ಲ, ಕೆಲವು ತಿಂಗಳು ನಡೆಯುತ್ತದೆ ಎಂದು ಇಬ್ಬರೂ ಹೇಳಿದರು. ಎಷ್ಟು ತಿಂಗಳು ಎಂಬುದರಲ್ಲಿ ಇಬ್ಬರ ಮಾತು ಬೇರೆಬೇರೆ ಇತ್ತು. ನನಗೆ ಅಷ್ಟೇ ಸಾಕಾಯಿತು. ಹಾಯೆನಿಸಿತು.

ಲೋಕಿಕೆರೆಯಾಕೆ ನಾಲ್ಕನೆಯ ದಿನ ನಲ್ಲಿಯ ಹತ್ತಿರ ಸಿಕ್ಕಳು. ನಾನೇ ಬಾಯಿ ತೆರೆದೆ. "ನಾನು ಹೆಸರು ಹಾಕಿರಲಿಲ್ಲಮ್ಮ."

ಆಕೆ ಕೈ ತೊಳೆಯುತ್ತಲೇ ಇದ್ದಳು. "ನಮ್ಮೂರಾಗ ಎತ್ತಿನ ಬಣ್ಣ ಹೇಳಿದ್ರ ಸಾಕು ಸರ, ಯಾರ ಮನೀದು ಅಂತ ಸಣ್ಣ ಕೂಸೂ ಹೇಳ್ತೈತಿ. ನೀವು ಬಣ್ಣ ಹೇಳಿದ್ರಿ, ಕೊಂಬು ಹೇಳಿದ್ರಿ, ಯಾವ ಗೂಟಕ್ಕ ಕಟ್ಟೇವಿ ಅಂತಾನೂ ಹೇಳಿದ್ರಿ. ಇನ್ನ ಹೆಸರು ಹಾಕಿದ್ರೇನು, ಬಿಟ್ರೇನು?"

"ನಿಮಗೆಲ್ಲ ಒಳ್ಳೆಯದಾಗಲಿ ಅಂತ…"

"ಆತಲ್ರಿ, ಒಳ್ಳೇದು" ಎಂದು ನಲ್ಲಿ ನಿಲ್ಲಿಸಿದಳು. "ಹುಷಾರಾಗೇವಿ. ಇನ್ನ ಯಾರೂ ಯಾರಿಗೂ ಏನೂ ಮಾಡಾಂಗಿಲ್ಲ. ಇದನ್ನೂ ಬರ್ದು ಹಚ್ಚಿರಿ."

ಅಕ್ಕನ ಮನೆಗೆ ಹೋಗಲು ನನಗೆ ಎರಡು ವಾರ ಬೇಕಾಯಿತು. ಹೊಳೆಯ ಕಡೆ ಇಳಿಯುವ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲಲ್ಲಿ ನಿಂತು ಯಾರೆಂದು ಹೇಳಿದೆ.

"ಬರ್ರಿ ಸರ, ಕೂಡ್ರಿ" ಎಂದು ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ನನ್ನ ಕಡೆ ತಿರುಗಿಸಿದರು. ಟೀ ಮಾಡಿದರು. ಬಯ್ಯುತ್ತಾರೆ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಬಯ್ಯಲಿಲ್ಲ.

"ನೀವು ಬರ್ದದ್ದು ನಾನು ಓದೇ ಇಲ್ಲ ನೋಡ್ರಿ. ಅಕ್ಷರ ಕಾಣಾಂಗಿಲ್ಲ. ಚೆಂದ ಐತಿ ಅಂತ ಆಫೀಸಿನಾಗ ಅಂದ್ರು. ಫೋನಿನಾಗ ಇದ್ರ ಓದಿ ಹೇಳ್ರಿ."

ಫೋನಿನಲ್ಲಿ ಇತ್ತು. ಓದಿದೆ. ಅವರು ಬಲಗಡೆಗೆ ತಲೆ ಸ್ವಲ್ಪ ವಾಲಿಸಿ ಕೇಳಿದರು. ಓದುತ್ತ ಓದುತ್ತ ನನ್ನ ದನಿ ಸರಿಯಾದ ಕಡೆ ಏರಿ, ಸರಿಯಾದ ಕಡೆ ನಿಲ್ಲುತ್ತಿತ್ತು. ಅವರ ಎದುರಿಗೆ ಕೂತು, ಅವರ ಕೆಲಸ ಕಳೆದ ವಾಕ್ಯಗಳನ್ನು ಓದುವಾಗಲೂ ವಾಕ್ಯ ಚೆನ್ನಾಗಿ ಬಂದಿದೆ ಎಂದು ಮನಸ್ಸಿನ ಒಂದು ಭಾಗ ಹೇಳುತ್ತಿತ್ತು. ನಡೆದದ್ದರಲ್ಲಿ ನನಗೆ ಹೆಚ್ಚು ಅಸಹ್ಯವಾಗುವುದು ಇದೇ.

ಓದಿ ಮುಗಿಸಿದ ಮೇಲೆ ಅವರು ಟೀ ಲೋಟ ಕೆಳಗಿಟ್ಟರು. "ಹುಡುಗೇರು ನನ್ನ ಮ್ಯಾಲೆ ಇಟ್ಟ ಪ್ರೀತಿ ಖರೇ ಬರ್ದೀರಿ" ಎಂದರು. ಆಮೇಲೆ ಕೇಳಿದರು: "ಒಂದು ಮಾಡ್ತೀರೇನು? ಅದು ಕಟ್ಟಿ ಬರ್ದದ್ದು, ಖರೇ ಅಲ್ಲ ಅಂತ ಆಫೀಸಿನಾಗ ಹೇಳ್ರಿ. ಕಾಯಂ ತಗಳ್ರಿ ಅನ್ನಾಕ ಹೋಗಬ್ಯಾಡ್ರಿ. ಎಡಗಣ್ಣಿಂದು ಆಗೋತನಕ ಇಟ್ಕಳ್ರಿ ಅನ್ರಿ. ಕಾಲರ್ ಬ್ಯಾಡ, ನೂಲು ಕತ್ತರಿಸಾಕ ಹಾಕ್ಲಿ. ಅದಕ್ಕ ಕೈಯೇ ಸಾಕು, ಕಣ್ಣು ಬ್ಯಾಡ."

ಹೇಳುತ್ತೇನೆ ಎಂದೆ.

ಮರುದಿನ ಒಂದು ಸ್ಪಷ್ಟೀಕರಣ ಬರೆದೆ. ಪತ್ರಿಕೆಯಲ್ಲಿದ್ದಾಗ ನೂರಾರು ಬರೆದಿದ್ದೇನೆ, ಎಲ್ಲವೂ ತಪ್ಪನ್ನು ತಿದ್ದಲು. ನಿಜವನ್ನು ಸುಳ್ಳೆಂದು ಹೇಳಲು ಬರೆದದ್ದು ಇದೊಂದೇ. ಮೂರು ಸಾಲು: ಹಿಂದಿನ ಒಂದು ಸಂಚಿಕೆಯ ಬರಹ ಕಾಲ್ಪನಿಕ, ಅದರಲ್ಲಿನ ಘಟನೆ ಈ ಕಾರ್ಖಾನೆಯಲ್ಲಿ ನಡೆದದ್ದಲ್ಲ, ತಪ್ಪು ಗ್ರಹಿಕೆಗೆ ಲೇಖಕನೇ ಹೊಣೆ. ಎಚ್‌ಆರ್ ಅಧಿಕಾರಿಯ ಮುಂದಿಟ್ಟೆ.

ಅವರು ಎರಡು ಸಲ ಓದಿದರು. "ಅವತ್ತು ಹೇಳಿದ್ರ ನಡೀತಿತ್ತು ಸರ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಆ ಯಮ್ಮನೇ ಒಪ್ಕಂಡು ಸೈನ್ ಹಾಕ್ಯಾಳ. ಇದನ್ನ ಹಚ್ಚಿದ್ರ ನೀವು ಸುಳ್ಳುಗಾರ, ಆಕಿ ಸುಳ್ಳುಗಾರ್ತಿ. ಯಾರಿಗೆ ಏನು ಬಂತು?"

ನೂಲು ಕತ್ತರಿಸುವ ಕೆಲಸದ ಮಾತು ಎತ್ತಿದೆ. ಇದ್ದವರನ್ನೇ ತೆಗೆಯುತ್ತಿರುವಾಗ ತೆಗೆದವರನ್ನು ಹೇಗೆ ಕರೆಸಲಿ ಎಂದರು. ಅವರ ಮಾತು ಸರಿಯಾಗಿತ್ತು. ಸಂಜೆ ಅವರ ಕಾರಿನಲ್ಲೇ ದಾವಣಗೆರೆಗೆ ಬಂದೆ.

ಆಗಲಿಲ್ಲ ಎಂದು ಅಕ್ಕನಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಒಮ್ಮೆ ಲೋಕಿಕೆರೆಯಾಕೆಯನ್ನು ನಿಲ್ಲಿಸಿ, ನೀನು ಅಕ್ಕನಿಗೆ ಹೇಳುತ್ತೀಯಾ ಎಂದು ಕೇಳಿದೆ.

"ನಾನ್ಯಾಕ ಹೇಳ್ಲಿ? ನಿಮಗ ಬಾಯಿಲ್ಲೇನು?" ಎಂದು ಹೋದಳು. ಆಕೆ ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ನಾನು ಆ ಕೆಲಸ ಬಿಡಲಿಲ್ಲ. ಇನ್ನೂ ಎಂಟು ತಿಂಗಳು ಇದ್ದೆ, ವಾರವಾರವೂ ಹಾಳೆ ಹಚ್ಚಿದೆ. ಹಬ್ಬಗಳ ಬಗ್ಗೆ, ತರಕಾರಿಯ ಬಗ್ಗೆ, ಬೆನ್ನು ನೋವಿಗೆ ಮಾಡುವ ವ್ಯಾಯಾಮದ ಬಗ್ಗೆ ಬರೆದೆ. ಹೆಣ್ಣುಮಕ್ಕಳು ಕೈ ತೊಳೆದು ಗೋಡೆಗೆ ಬೆನ್ನು ಹಾಕಿ ಹೋಗುತ್ತಿದ್ದರು. ನಾನು ಯಂತ್ರಗಳ ನಡುವೆ ಬಂದರೆ ಮಾತು ನಿಲ್ಲುತ್ತಿತ್ತು. ಗೈರುಹಾಜರಿ ಇಳಿದಿದೆ, ನಿಮ್ಮ ಪತ್ರಿಕೆಯಿಂದ ವಾತಾವರಣ ಸುಧಾರಿಸಿದೆ ಎಂದು ಮ್ಯಾನೇಜರು ಒಂದು ಸಭೆಯಲ್ಲಿ ಹೊಗಳಿದರು. ಹೆದರಿಕೆಯಿಂದ ಯಾರೂ ರಜೆ ಹಾಕುತ್ತಿರಲಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ತಲೆ ಬಾಗಿಸಿ ನಮಸ್ಕಾರ ಮಾಡಿದೆ.

ಅಕ್ಕನ ಎಡಗಣ್ಣಿಗೆ ಕಾರ್ಡ್ ನಿಲ್ಲುವ ಮೊದಲು ಸೂಜಿ ಆಯಿತೇ ಇಲ್ಲವೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಒಂದು ಫೋನ್ ಮಾಡಿದರೆ ತಿಳಿಯುವ ಸಂಗತಿ. ಹರಿಹರದಲ್ಲಿ ಪರಿಚಯದವರಿದ್ದಾರೆ, ಮನೆ ಎಲ್ಲಿದೆ ಎಂದು ನನಗೇ ಗೊತ್ತು, ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ. ಆಗಿದೆ ಎಂದು ತಿಳಿದರೆ ನನ್ನ ತಪ್ಪು ಚಿಕ್ಕದೆಂದು ನಾನೇ ನಂಬಿಬಿಡುತ್ತೇನೆ, ಅದಕ್ಕೇ ಕೇಳಿಲ್ಲ ಎಂದು ಕೆಲವು ಕಾಲ ಹೇಳಿಕೊಂಡಿದ್ದೆ. ಅದೂ ನಿಜವಲ್ಲ. ಆಗಿಲ್ಲ ಎನ್ನುತ್ತಾರೆಂಬ ಹೆದರಿಕೆಯಿಂದ ಕೇಳಿಲ್ಲ.